ಎರೆ ಹೊಲದ ಕಡಲೆ ಮತ್ತು ಬೇರಿನ ನಂಟು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ನೆಲವನ್ನು ಅದರ ಬಣ್ಣದಿಂದ ಗುರುತಿಸುವ ರೂಢಿಗೆ ಸಾವಿರ ವರ್ಷಗಳ ವಯಸ್ಸಿದೆ. ಕಲ್ಯಾಣ ಚಾಲುಕ್ಯರ ಆಡಳಿತದಲ್ಲಿ ಈ ಭಾಗವು ಅಣ್ಣಿಗೇರಿ ಮುಖ್ಯಪಟ್ಟಣವಾಗಿದ್ದ ಬೆಳ್ವೊಲ ಮುನ್ನೂರು ಮತ್ತು ಸೂಡಿ ಮುಖ್ಯಪಟ್ಟಣವಾಗಿದ್ದ ಕಿಸುಕಾಡು ಎಪ್ಪತ್ತು ಎಂಬ ಎರಡು ನಾಡುಗಳು ಒಂದನ್ನೊಂದು ತಾಗುವ ಎಡೆಯಾಗಿತ್ತು. ಬೆಳ್ವೊಲ ಎಂಬ ಹೆಸರನ್ನು ಬೆಳೆಯುವ ಹೊಲ ಎಂದು ಬಿಡಿಸುವುದು ವಾಡಿಕೆ. ಕಿಸು ಎಂದರೆ ಹಳಗನ್ನಡದಲ್ಲಿ ಕೆಂಪು, ಆದ್ದರಿಂದ ಕಿಸುಕಾಡು ಎಂದರೆ ಕೆಂಪು ನೆಲದ ಕಾಡು. ನರಗುಂದ ಮತ್ತು ರೋಣದ ಬಯಲಿನ ಕಪ್ಪು ಎರೆ ಭೂಮಿಯೂ ಗಜೇಂದ್ರಗಡದ ಗುಡ್ಡಗಳ ಬುಡದ ಕೆಂಪು ಮಸಾರಿಯೂ ಇಂದಿಗೂ ಈ ಎರಡು ಹೆಸರುಗಳ ಅರ್ಥವನ್ನು ಉಳಿಸಿಕೊಂಡಿವೆ. ಕಿಸುಕಾಡನ್ನು 11ನೆಯ ಶತಮಾನದಲ್ಲಿ ಆಳಿದ ಅಕ್ಕಾದೇವಿಯು ಎರಡನೆಯ ಜಯಸಿಂಹನ ಸೋದರಿ. ಅದೇ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ಗಿಡಮರಗಳ ಪೋಷಣೆ, ಅವುಗಳ ರೋಗ ಮತ್ತು ಚಿಕಿತ್ಸೆಗಳನ್ನು ವೃಕ್ಷಾಯುರ್ವೇದವೆಂಬ ಹೆಸರಿನಲ್ಲಿ ಕನ್ನಡದಲ್ಲಿಯೇ ವಿವರಿಸಿತು. ಗಿಡಕ್ಕೆ ನೆಲದಿಂದ ಏನು ದೊರೆಯುತ್ತದೆ, ದೊರೆಯದಿದ್ದಾಗ ಏನು ಕೊಡಬೇಕು ಎಂಬ ವಿಚಾರ ಈ ನಾಡಿನ ಬರಹಕ್ಕೆ ಅಷ್ಟು ಹಿಂದೆಯೇ ವಸ್ತುವಾಗಿತ್ತು ಎಂಬುದು ಗಮನಾರ್ಹ.

ಎರೆ ಎಂದು ಕರೆಯಲಾಗುವ ಈ ಕಪ್ಪು ಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕುಬಿಡುವ ಜಿಗುಟು ಜೇಡಿಯಿಂದ ಕೂಡಿದ್ದು, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಪಾಲನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಕಳೆ ಏಳದಂತೆ ಕುಂಟೆಯಿಂದ ಮತ್ತೆ ಮತ್ತೆ ಹರಗಿ, ಮಣ್ಣಿನೊಳಗಿನ ತೇವವನ್ನು ಕಾಯ್ದುಕೊಂಡು, ಹಿಂಗಾರಿ ಮಳೆಯ ನಂತರ ಅಕ್ಟೋಬರಿನಲ್ಲಿ ಕೂರಿಗೆ ಹೂಡುವುದು ಇಲ್ಲಿನ ಹಳೆಯ ಕ್ರಮ. ಬಿಳಿಜೋಳ, ಗೋಧಿ, ಕುಸುಬಿ, ಕಡಲೆಗಳು ಆ ಸಂಗ್ರಹಿತ ತೇವ ಮತ್ತು ಚಳಿಗಾಲದ ಮಂಜಿನ ಬಲದ ಮೇಲೆ ಬೆಳೆದು ಮಾಗುತ್ತವೆ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರಿನಲ್ಲಿಯೂ ಈ ಸೀಮೆಯ ಹತ್ತಿ, ಜೋಳ, ಗೋಧಿ, ಕಡಲೆಗಳೇ ಎದ್ದು ಕಾಣುತ್ತವೆ. ನೀರಿನ ವಿಷಯದಲ್ಲಿ ಉದಾರವಾದ ಈ ಮಣ್ಣು ಆಹಾರದ ವಿಷಯದಲ್ಲಿ ಅಷ್ಟು ಉದಾರವಲ್ಲ: ಕೊಳೆತ ಸಸ್ಯಾಂಶ ಮತ್ತು ಸಾರಜನಕ ಇದರಲ್ಲಿ ಕಡಿಮೆ, ರಂಜಕವು ಇದ್ದರೂ ಸುಣ್ಣದ ಅಂಶದೊಂದಿಗೆ ಬಿಗಿದುಕೊಂಡು ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಇಂಥ ನೆಲದಲ್ಲಿ ಯಾವ ರಾಸಾಯನಿಕ ಗೊಬ್ಬರವೂ ಇಲ್ಲದ ಶತಮಾನಗಳಲ್ಲಿ ಕಡಲೆಯು ತನ್ನ ಕಾಳಿನಲ್ಲಿ ಐದನೆಯ ಒಂದು ಭಾಗದಷ್ಟು ಪ್ರೋಟೀನನ್ನು ತುಂಬಿಕೊಂಡು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವು ಗಿಡದ ಮೇಲೆ ಕಾಣುವುದಿಲ್ಲ; ಅದು ಬೇರಿನಲ್ಲಿದೆ.

ದ್ವಿದಳ ಸಸ್ಯಗಳ ಬೇರಿನ ಮೇಲಿನ ಸಣ್ಣ ಗಂಟುಗಳು ಗಾಳಿಯಲ್ಲಿನ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಎಂಬುದನ್ನು ಜರ್ಮನಿಯಲ್ಲಿ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಥ್ 1886ರಿಂದ 1888ರವರೆಗಿನ ಪ್ರಯೋಗಗಳಲ್ಲಿ ತೋರಿಸಿದರು; 1888ರಲ್ಲಿ ಹಾಲೆಂಡಿನ ಬೇಯೆರಿಂಕ್ ಆ ಗಂಟುಗಳೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದನು. ರೈಜೋಬಿಯಂ ಎಂದು ಮುಂದೆ ಪ್ರಸಿದ್ಧವಾದ ಈ ಜೀವಿಗಳು ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕಬಲ್ಲವಾದರೂ, ತಮಗೆ ಹೊಂದುವ ಗಿಡದ ಬೇರು ಹತ್ತಿರ ಬಂದಾಗ ಮಾತ್ರ ಅವುಗಳ ಬದುಕಿನ ರೀತಿ ಬದಲಾಗುತ್ತದೆ. ಬೇರು ಕೆಲವು ವಿಶಿಷ್ಟ ರಸಾಯನಗಳನ್ನು ಮಣ್ಣಿಗೆ ಒಸರಿಸುತ್ತದೆ. ಅದನ್ನು ಅರಿತ ಬ್ಯಾಕ್ಟೀರಿಯಾ ತನ್ನದೇ ಸಂಕೇತವನ್ನು ಕಳುಹಿಸುತ್ತದೆ. ಆ ಸಂಕೇತ ಗಿಡಕ್ಕೆ ಒಪ್ಪಿಗೆಯಾದರೆ ಬೇರಿನ ರೋಮ ಸುರುಳಿಸುತ್ತಿಕೊಂಡು ಅತಿಥಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬಳಿಕ ಅಲ್ಲಿ ಗಂಟು ಬೆಳೆಯುತ್ತದೆ. ಒಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಗಿಡವು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೊಡುತ್ತದೆ, ಅದು ಪ್ರತಿಯಾಗಿ ಸಾರಜನಕವನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತಂದುಕೊಡುತ್ತದೆ. ಚೆನ್ನಾಗಿ ದುಡಿಯುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ರಕ್ತದಂಥ ನಸುಗೆಂಪು ಕಾಣುತ್ತದೆ. ಬಿಳಿಚಿದ ಅಥವಾ ಹಸಿರು ತಿರುಗಿದ ಗಂಟು ಕೆಲಸ ಮಾಡದ್ದೆಂದೋ ಕೆಲಸ ಮುಗಿಸಿದ್ದೆಂದೋ ತಿಳಿಯಬೇಕು.

ಕಡಲೆಯ ವಿಷಯದಲ್ಲಿ ಈ ಒಪ್ಪಂದ ಬಹಳ ಬಿಗಿಯಾದದ್ದು. ಹೆಸರು, ಅಲಸಂದಿ, ಶೇಂಗಾಗಳ ಬೇರಿಗೆ ಬರುವ ಬ್ಯಾಕ್ಟೀರಿಯಾಗಳನ್ನು ಕಡಲೆಯು ತನ್ನವೆಂದು ಸ್ವೀಕರಿಸುವುದಿಲ್ಲ. ಅದಕ್ಕೆ ಮೀಸೋರೈಜೋಬಿಯಂ ಕುಲಕ್ಕೆ ಸೇರಿದ, ಕಡಲೆಯ ಹೆಸರನ್ನೇ ಹೊತ್ತ ಸಿಸೆರಿ ಎಂಬ ಪ್ರಭೇದ ಮತ್ತು ಅದರ ಕೆಲವೇ ದಾಯಾದಿಗಳು ಬೇಕು. ರೋಣದ ರೈತನು ಮುಂಗಾರಿಗೆ ಹೆಸರು ಬಿತ್ತಿ ಅದೇ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತಿದಾಗ, ಎರಡೂ ಕಾಳುಬೆಳೆಗಳೇ ಆದರೂ ಮಣ್ಣಿನೊಳಗೆ ಎರಡು ಬೇರೆ ಬೇರೆ ಬಳಗಗಳು ಒಂದರ ಹಿಂದೊಂದು ಎಚ್ಚರಗೊಳ್ಳುತ್ತವೆ. ಹಾಗಾಗಿ ಕಡಲೆಯನ್ನು ತಲೆಮಾರುಗಳಿಂದ ಬೆಳೆಯುತ್ತ ಬಂದ ಎರೆ ಹೊಲವೊಂದು ಬರಿಯ ಮಣ್ಣಲ್ಲ; ಆ ಬೆಳೆಯ ಸಹವಾಸಿಗಳನ್ನು ವರ್ಷದಿಂದ ವರ್ಷಕ್ಕೆ ಕಾಪಾಡಿಕೊಂಡು ಬಂದ ಒಂದು ಭಂಡಾರ. ಬಿರುಕುಬಿಟ್ಟ ನೆಲ ಏಪ್ರಿಲ್-ಮೇ ತಿಂಗಳುಗಳ ಬಿಸಿಲಿಗೆ ಕಾಯುವ ಈ ಸೀಮೆಯಲ್ಲಿ ಅವು ಬದುಕುಳಿದು ಮುಂದಿನ ಹಿಂಗಾರಿಯನ್ನು ಕಾಣುವುದೇ ಒಂದು ಸಾಹಸ.

ಈ ಭಂಡಾರವನ್ನು ಕಾಯ್ದವರಿಗೆ ಅದರ ಹೆಸರು ತಿಳಿದಿರಲಿಲ್ಲ, ಆದರೆ ಅದರ ಫಲ ತಿಳಿದಿತ್ತು. ಕಡಲೆ ಬೆಳೆದ ಹೊಲಕ್ಕೆ ಮರುವರ್ಷ ಜೋಳ ಹಾಕಬೇಕು, ಹತ್ತಿಯ ಮೇಲೆ ಹತ್ತಿ ಹಾಕಬಾರದು, ಸಾಲುಗಳ ನಡುವೆ ಅಕ್ಕಡಿ ಇಡಬೇಕು, ಕುರಿಹಿಂಡನ್ನು ಹೊಲದಲ್ಲಿ ತರುಬಿಸಬೇಕು ಎಂಬ ನಡಾವಳಿಗಳೆಲ್ಲ ನೆಲದೊಳಗಿನ ಜೀವಸಮೂಹವನ್ನು ಒಂದೇ ಬೆಳೆಯ ವಶಕ್ಕೆ ಬಿಟ್ಟುಕೊಡದ ಉಪಾಯಗಳೇ ಆಗಿದ್ದವು. ಶೀಗಿ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಂದು ಹೊಲಕ್ಕೆ ಅಡುಗೆ ಒಯ್ದು ಚರಗ ಚೆಲ್ಲುವ ಆಚರಣೆಯಲ್ಲಿ, ನೆಲವನ್ನು ಉಣ್ಣುವ ಜೀವವೆಂದು ಭಾವಿಸುವ ಒಂದು ದೃಷ್ಟಿಯಿದೆ. ಅದು ವಿಜ್ಞಾನವಲ್ಲ, ಆದರೆ ವಿಜ್ಞಾನವು ತಡವಾಗಿ ತಲುಪಿದ ಅರಿವಿಗೆ ಅದು ವಿರುದ್ಧವೂ ಅಲ್ಲ.

ಬೀಜದ ಆಯ್ಕೆಯೂ ಆ ಹೊಲದಲ್ಲಿಯೇ ನಡೆಯುತ್ತಿತ್ತು. ರಾಶಿಯಾದ ಮೇಲೆ ತುಂಬಿದ ಕಾಳನ್ನು ಬೇರ್ಪಡಿಸಿ, ಬೇವಿನ ಎಲೆ ಅಥವಾ ಬೂದಿಯೊಂದಿಗೆ ಗಡಿಗೆಗಳಲ್ಲಿ ಕಾದಿಡುವ ಕೆಲಸ ಬಹುಪಾಲು ಮನೆಯ ಹೆಂಗಸರದಾಗಿತ್ತು. ತಿನ್ನುವ ಜೋಳ ನೆಲದೊಳಗಿನ ಹಗೇವಿಗೆ ಹೋದರೆ, ಬಿತ್ತುವ ಬೀಜ ಮನೆಯೊಳಗೆ ಉಳಿಯುತ್ತಿತ್ತು. ಗೊಬ್ಬರ ಬೀಳದ ನೆಲದಲ್ಲಿ ಬೇರಿನ ನಂಟನ್ನು ಸರಿಯಾಗಿ ಬೆಳೆಸಿಕೊಳ್ಳಲಾಗದ ಗಿಡ ಹಳದಿ ತಿರುಗಿ, ಕುಳ್ಳಗೆ ಉಳಿದು, ಕಾಯಿ ಕಡಿಮೆ ಬಿಟ್ಟು, ಮುಂದಿನ ವರ್ಷದ ಬೀಜದಲ್ಲಿ ತನ್ನ ಪಾಲನ್ನು ಕಳೆದುಕೊಳ್ಳುತ್ತಿತ್ತು. ಹೀಗೆ ಗಂಟನ್ನು ಎಂದೂ ಸೀಳಿ ನೋಡದವರ ಕೈಯಲ್ಲಿಯೂ ಗಂಟಿನ ಆಯ್ಕೆ ನಡೆಯುತ್ತಲೇ ಇತ್ತು, ಏಕೆಂದರೆ ಬಡನೆಲವೇ ಪರೀಕ್ಷಕನಾಗಿತ್ತು. ಈ ಬರಹದ ಉಳಿದ ಭಾಗವು ಬಹುಮಟ್ಟಿಗೆ ಈ ಪರೀಕ್ಷಕನು ಯಾವಾಗ, ಹೇಗೆ ಹೊಲದಿಂದ ಹೊರಬಿದ್ದನೆಂಬುದರ ಕುರಿತಾದದ್ದು.

ಇದೇ ಹೊಲಗಳ ಅಂಚಿನಲ್ಲಿ ಬೆಳೆಯುತ್ತಿದ್ದ ನಾರಿನ ಗಿಡಗಳನ್ನೂ ಇಲ್ಲಿ ನೆನೆಯಬೇಕು. ಸೊಪ್ಪಿಗೆ ಪಲ್ಯದ ಗಿಡವಾಗಿಯೂ ತೊಗಟೆಗೆ ಹಗ್ಗದ ಗಿಡವಾಗಿಯೂ ಒದಗುವ ಪುಂಡಿಯ ಶಾಸ್ತ್ರೀಯ ಹೆಸರಿನಲ್ಲಿರುವ ಕ್ಯಾನಬಿನಸ್ ಎಂಬ ಪದಕ್ಕೆ ಭಂಗಿಗಿಡವನ್ನು, ಅಂದರೆ ಗಾಂಜಾ ಗಿಡವನ್ನು, ಹೋಲುವುದು ಎಂದರ್ಥ. ಎಲೆಯ ಆಕಾರ ಆ ಹೋಲಿಕೆಗೆ ಕಾರಣ. ನಾರಿನ ಹೆಸರಿನಲ್ಲಿ ಭಂಗಿಯೊಂದಿಗೆ ಸೇರಿಸಲ್ಪಡುವ ಇನ್ನೊಂದು ಗಿಡವಾದ ಸೆಣಬು ಮಾತ್ರ ಕಡಲೆಯಂತೆ ದ್ವಿದಳ ಜಾತಿಯದು, ಬೇರಿನಲ್ಲಿ ಗಂಟು ಕಟ್ಟುವಂಥದು, ಆ ಕಾರಣಕ್ಕೇ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರವೆಂದು ಬೆಲೆ ಪಡೆದದ್ದು. ಭಂಗಿಯ ಬೇಸಾಯಕ್ಕೆ ಅನುಮತಿಯುಳ್ಳ ದೇಶಗಳಲ್ಲಿ ಇಂದು ಆ ಗಿಡದ ಬೇರಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹೊಂದಾಣಿಕೆ ಹೆಚ್ಚಿರುವ ತಳಿಗಳನ್ನು ಆರಿಸಬೇಕೆಂಬ ಆಸಕ್ತಿ ಹುಟ್ಟಿದೆ. 1985ರ ಮಾದಕ ವಸ್ತು ಕಾಯ್ದೆಯ ನಂತರ ಗಾಂಜಾ ಬೆಳೆಯುವುದು ಅಪರಾಧವಾಗಿರುವ ಈ ಸೀಮೆಯಲ್ಲಿ ಆ ಪ್ರಶ್ನೆಯ ನಿಜವಾದ ಇತಿಹಾಸ ಹತ್ತಿ ಮತ್ತು ಕಡಲೆಗಳಲ್ಲಿದೆ. ಅದು ಭಂಗಿಯ ಆಸಕ್ತಿಗಿಂತ ಬಹಳ ಹಳೆಯದು.

ಬೇರು ಮತ್ತು ಸೂಕ್ಷ್ಮಜೀವಿಯ ಸಂಬಂಧವು ತಳಿ ಅಭಿವೃದ್ಧಿಯ ವಿಷಯವಾಗಿ ಈ ನಾಡಿಗೆ ಮೊದಲು ಬಂದದ್ದು ಸ್ನೇಹದ ರೂಪದಲ್ಲಲ್ಲ, ವೈರದ ರೂಪದಲ್ಲಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಜಿಲ್ಲೆಯ ಹೊಲಗಳಿಗೆ ತಂದಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಉದ್ದ ಎಳೆಯನ್ನು ಇಲ್ಲಿಯೇ ಬೆಳೆಸುವುದು ಉದ್ದೇಶವಾಗಿತ್ತು. ಭಾರತದ ಅನೇಕ ಕಡೆ ಸೋತ ಆ ಪ್ರಯೋಗ ಹುಬ್ಬಳ್ಳಿ-ಗದಗ ಸೀಮೆಯಲ್ಲಿ ನೆಲೆಯೂರಿ ಧಾರವಾಡ-ಅಮೆರಿಕನ್ ಎಂಬ ಹೆಸರನ್ನೇ ಪಡೆಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧವು ಹತ್ತಿಯ ಬೆಲೆಯನ್ನು ಏರಿಸಿದಾಗ ಎರೆ ಭೂಮಿಯಲ್ಲಿ ಹತ್ತಿಯ ಸಾಲುಗಳು ಮತ್ತಷ್ಟು ಹರಡಿದವು. ಅದರ ಜೊತೆಗೆ, ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಕುಮಟಾ ಹತ್ತಿಯೆಂದು ಹೆಸರಾದ ಜವಾರಿ ಹತ್ತಿಯೂ ಬೆಳೆಯುತ್ತಲೇ ಇತ್ತು.

ಹತ್ತಿಯ ಮೇಲೆ ಹತ್ತಿ ಬಂದಾಗ ಮಣ್ಣಿನಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರ ತುಂಬಿಕೊಳ್ಳುತ್ತದೆ. ಅದು ಬೇರಿನ ಮೂಲಕ ಒಳನುಗ್ಗಿ, ನೀರು ಸಾಗುವ ನಾಳಗಳನ್ನು ಕಟ್ಟಿಹಾಕಿ, ಗಿಡವನ್ನು ನಿಂತಲ್ಲಿಯೇ ಬಾಡಿಸುತ್ತದೆ. ಈ ಸೊರಗು ರೋಗವು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಧಾರವಾಡದ ಸರ್ಕಾರಿ ಕೃಷಿ ಕ್ಷೇತ್ರದ ಮುಖ್ಯ ಚಿಂತೆಗಳಲ್ಲಿ ಒಂದಾಗಿದ್ದು, ಹತ್ತಿ ತಳಿತಜ್ಞ ಜಿ.ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯ ಸುಧಾರಣೆಯ ಅಂಗವಾಗಿ ಇದನ್ನು ಎದುರಿಸಿದರು. ರೋಗ ತುಂಬಿದ ನೆಲದಲ್ಲಿಯೇ ಹತ್ತಿಯನ್ನು ಬಿತ್ತಿ, ಸುತ್ತಲಿನವು ಸತ್ತಾಗ ಬದುಕಿ ನಿಂತ ಗಿಡಗಳಿಂದ ಬೀಜ ಹಿಡಿಯುವುದು ಇಂಥ ಕೆಲಸದ ಮೂಲ ಕ್ರಮ. ಕುಮಟಾ ಹತ್ತಿಯ ಆ ಸುಧಾರಣೆಯಿಂದ ಮೂಡಿದ ಧಾರವಾಡ ನಂಬರ್ 1, ಅದರ ನಂತರದ ಜಯವಂತ, ಮುಂದೆ ಅದರ ಸ್ಥಾನ ಪಡೆದ ಜಯಧರ ತಳಿಗಳು ರೋಣ-ನರಗುಂದಗಳ ಎರೆ ಹೊಲಗಳಲ್ಲಿ ತಲೆಮಾರುಗಟ್ಟಲೆ ನಿಂತವು. ಈ ಕ್ರಮದ ಹಿರಿಮೆ ಇರುವುದು ಅದರ ಸರಳತೆಯಲ್ಲಿ: ಮಣ್ಣಿನ ಜೀವಿಯೊಂದಿಗೆ ಗಿಡ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಆ ಜೀವಿ ಇರುವ ಮಣ್ಣಿನಲ್ಲಿಯೇ ಅದನ್ನು ಬೆಳೆಸಲಾಯಿತು. ವೈರಿಯ ವಿಷಯದಲ್ಲಿ ಅಷ್ಟು ಬೇಗ ಒಪ್ಪಿಗೆಯಾದ ಈ ನ್ಯಾಯವನ್ನು ಮಿತ್ರನ ವಿಷಯಕ್ಕೆ ಅನ್ವಯಿಸಲು ವಿಜ್ಞಾನವು ಬಹುಕಾಲ ಮುಂದಾಗಲಿಲ್ಲ.

ಕಡಲೆಯ ಆಧುನಿಕ ಇತಿಹಾಸವೂ ಇದೇ ದಾರಿಯಲ್ಲಿ ಸಾಗಿದೆ. ಬೆಳ್ವೊಲದ ಹಳೆಯ ರಾಜಧಾನಿಯಾದ, ಪಂಪನ ಹೆಸರಿನೊಂದಿಗೂ ಬೆರೆತಿರುವ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದಿಂದ, ಸ್ಥಳೀಯ ಬೀಜದ ಆಯ್ಕೆಯಾಗಿ ಹೊರಬಂದ ಅಣ್ಣಿಗೇರಿ-1 ತಳಿಯು 1978ರಲ್ಲಿ ಬಿಡುಗಡೆಯಾಯಿತು. ನೂರು ದಿನಗಳ ಒಳಗೆ ಮಾಗುವ, ಮಣ್ಣಿನ ತೇವ ಆರುವ ಮೊದಲೇ ಕಾಳು ಗಟ್ಟಿಮಾಡಿಕೊಳ್ಳುವ, ಬೇಳೆಗೂ ಹಿಟ್ಟಿಗೂ ಒಪ್ಪುವ ಈ ಕಡಲೆ ಹಿಂಗಾರಿ ಸೀಮೆಯನ್ನೆಲ್ಲ ವ್ಯಾಪಿಸಿತು. ರೈತರ ಮಾತಿನಲ್ಲಿ ಊರಿನ ಹೆಸರೇ ಬೀಜದ ಹೆಸರಾಯಿತು. ಅದಕ್ಕೂ ಶತ್ರುವಾಗಿ ಬಂದದ್ದು ಫ್ಯುಸೇರಿಯಂ ಶಿಲೀಂಧ್ರದ್ದೇ ಇನ್ನೊಂದು ರೂಪ, ಅಂದರೆ ಕಡಲೆ ಬೆಳೆಗಾರರು ಸಿಡಿ ರೋಗವೆಂದು ಕರೆಯುವಂಥದು. 1999ರಲ್ಲಿ ಬಿಡುಗಡೆಯಾದ, ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯವೂ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯೂ ಸೇರಿ ರೂಪಿಸಿದ ಜೆಜಿ-11 ಎಂಬ ಸಿಡಿ ತಡೆಯುವ ತಳಿಯು ಅಣ್ಣಿಗೇರಿಯ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. ಮುಂದೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರವು ಇಕ್ರಿಸ್ಯಾಟ್ ಜೊತೆಗೂಡಿ, ಡಬ್ಲ್ಯುಆರ್-315 ಎಂಬ ಕಡಲೆಯ ರೋಗನಿರೋಧಕ ಗುಣವನ್ನು ವಂಶವಾಹಿಯ ಗುರುತುಗಳ ನೆರವಿನಿಂದ ಅಣ್ಣಿಗೇರಿಗೆ ತಂದು ಸೂಪರ್ ಅಣ್ಣಿಗೇರಿ-1 ತಳಿಯನ್ನು ಸಿದ್ಧಪಡಿಸಿತು. ಅದರ ವಿವರಗಳು 2019ರಲ್ಲಿ ಪ್ರಕಟವಾದವು. ಈ ಎಲ್ಲ ಸಾಧನೆಗಳಲ್ಲಿಯೂ ಅಳತೆಗೆ ಸಿಕ್ಕಿದ್ದು ಇಳುವರಿ, ಮಾಗುವ ಅವಧಿ, ಕಾಳಿನ ಗಾತ್ರ ಮತ್ತು ಶತ್ರು ಶಿಲೀಂಧ್ರದ ಎದುರಿನ ಬಾಳಿಕೆ. ಬೇರುಗಂಟಿನ ಎಣಿಕೆ ಈ ಸಾಲಿನಲ್ಲಿ ಜಾಗ ಪಡೆದದ್ದು ವಿರಳ.

ಆದರೆ ಅದೇ ಅಣ್ಣಿಗೇರಿ ಕಡಲೆಯ ಬೇರನ್ನು ನೋಡಿದವರೂ ಇದ್ದರು. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್‌ನ ತಳಿ ಭಂಡಾರದಲ್ಲಿ ಅಣ್ಣಿಗೇರಿ ಕಡಲೆಗೆ ಐಸಿಸಿ 4918 ಎಂಬ ಸಂಖ್ಯೆಯಿದೆ. ಅಲ್ಲಿನ ಸೂಕ್ಷ್ಮಜೀವಿ ವಿಜ್ಞಾನಿ ಒ.ಪಿ. ರುಪೇಲಾ ಅವರು ಒಂದೇ ತಳಿಯೆಂದು ಹೆಸರಿಸಲಾದ ಕಡಲೆಯ ಗಿಡಗಳಲ್ಲಿಯೂ ಗಂಟು ಕಟ್ಟುವ ಸಾಮರ್ಥ್ಯ ಒಂದೇ ಆಗಿರುವುದಿಲ್ಲವೆಂಬ ಸಂಗತಿಯನ್ನು ಹಿಡಿದು ಹುಡುಕಾಟ ನಡೆಸಿದರು. ಕಡಲೆಯ ಹೂವು ಅರಳುವ ಮೊದಲೇ ತನ್ನ ಪರಾಗದಿಂದಲೇ ಫಲಿತವಾಗುವ ಕಾರಣ ಒಂದು ಹೊಲದ ಕಡಲೆಯಲ್ಲಿ ಅನೇಕ ಒಳಕುಲಗಳು ಒಂದರೊಡನೊಂದು ಬೆರೆಯದೆ, ಅಕ್ಕಪಕ್ಕದಲ್ಲಿ ಬಾಳುತ್ತ ಉಳಿಯಬಲ್ಲವು. ಜವಾರಿ ಬೀಜದಿಂದ ಆರಿಸಿ ತೆಗೆದ ತಳಿಯಲ್ಲಿಯೂ ಇಂಥ ಒಳಭೇದ ಪೂರ್ತಿ ಅಳಿದಿರುವುದಿಲ್ಲ. ರುಪೇಲಾ ಅವರ ಹುಡುಕಾಟದಲ್ಲಿ ಗಂಟು ಹೆಚ್ಚಾಗಿ ಕಟ್ಟುವ, ಕಡಿಮೆ ಕಟ್ಟುವ ಮತ್ತು ಅತಿ ವಿರಳವಾಗಿ ಗಂಟನ್ನೇ ಕಟ್ಟದ ಗಿಡಗಳು ಕೆಲವು ತಳಿಗಳ ಒಳಗೇ ಸಿಕ್ಕವು. 1992ರಲ್ಲಿ ಅವರು ಪ್ರಕಟಿಸಿದ, ಸಹಜವಾಗಿಯೇ ದೊರೆತ ಗಂಟುರಹಿತ ಕಡಲೆಗಳಲ್ಲಿ ಅಣ್ಣಿಗೇರಿಯಿಂದ ಬಂದದ್ದೂ ಒಂದು.

ಈ ಶೋಧದ ತೂಕವನ್ನು ತಿಳಿಯಲು ಒಂದು ಸಣ್ಣ ವಿವರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಣ್ಣಿನಲ್ಲಿ ಸಾರಜನಕದ ಗೊಬ್ಬರ ಸಾಕಷ್ಟು ಇದ್ದಾಗ ಗಂಟು ಕಟ್ಟದ ಗಿಡವೂ ಹಸಿರಾಗಿ, ಎತ್ತರವಾಗಿ, ಕಾಯಿತುಂಬಿ ನಿಲ್ಲುತ್ತದೆ. ಗಂಟು ಕಟ್ಟಬಲ್ಲ ಗಿಡಗಳು ಕೂಡ ಗೊಬ್ಬರ ಸಿಕ್ಕಾಗ ಗಂಟಿಗೆ ಸಕ್ಕರೆ ವ್ಯಯಿಸುವುದನ್ನು ಕಡಿಮೆ ಮಾಡುತ್ತವೆ. ಗೊಬ್ಬರ ಹಾಕಿದ ಸಂಶೋಧನಾ ಕ್ಷೇತ್ರದಲ್ಲಿ ನಿಂತು ನೋಡುವವರಿಗೆ ಒಳ್ಳೆಯ ನಂಟಿನ ಗಿಡಕ್ಕೂ ನಂಟನ್ನೇ ಕಳೆದುಕೊಂಡ ಗಿಡಕ್ಕೂ ವ್ಯತ್ಯಾಸ ಗೋಚರಿಸುವುದಿಲ್ಲ. ಆ ವ್ಯತ್ಯಾಸವನ್ನು ಹೊರಗೆಡಹುವುದು ಬಡನೆಲ, ಅಥವಾ ಬೇರನ್ನು ಮಣ್ಣುಸಹಿತ ಎಬ್ಬಿಸಿ ತೊಳೆದು ಎಣಿಸಿ, ಅದೇ ಗಿಡವನ್ನು ಬದುಕಿಸಿಕೊಂಡು ಬೀಜ ಹಿಡಿಯುವಷ್ಟು ತಾಳ್ಮೆ. ಹೆಚ್ಚು ಗಂಟಿನ ಕುಲವನ್ನು ಆರಿಸಬಹುದೆಂದು ರುಪೇಲಾ ತೋರಿಸಿಕೊಟ್ಟ ಈ ದಾರಿ, ಕೊಟ್ಟೂರರು ಹತ್ತಿಯ ಸೊರಗಿಗೆ ಹಿಡಿದ ದಾರಿಯ ಮುಂದುವರಿಕೆಯಂತಿದೆ, ಮಣ್ಣಿನ ಜೀವಿಯ ಎದುರಿನಲ್ಲಿಯೇ ಗಿಡವನ್ನು ಒರೆಗೆ ಹಚ್ಚುವುದು ಎರಡರಲ್ಲಿಯೂ ಒಂದೇ. ಈ ದಾರಿ ಅಣ್ಣಿಗೇರಿಯ ಬೀಜದಲ್ಲಿಯೇ ತೆರೆದುಕೊಂಡಿತ್ತೆಂಬುದನ್ನು ಈ ಸೀಮೆಯ ಕೃಷಿ ಇತಿಹಾಸ ಇನ್ನೂ ಸರಿಯಾಗಿ ತನ್ನದಾಗಿಸಿಕೊಂಡಿಲ್ಲ.

ಹೊಲದಲ್ಲಿ ಆ ಹೊತ್ತಿಗೆ ಬೇರೆಯದೇ ಕಥೆ ನಡೆದಿತ್ತು. 1972ರಲ್ಲಿ ಸವದತ್ತಿಯ ನವಿಲುತೀರ್ಥದ ಬಳಿ ಮಲಪ್ರಭಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ನರಗುಂದದ ಕಡೆಗೆ ಹರಿಯಿತು. ಅದೇ ವರ್ಷ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಿಡುಗಡೆಯಾಯಿತು. ನೀರು, ಹೈಬ್ರಿಡ್ ಬೀಜ, ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳು ಒಂದರ ಕೈ ಹಿಡಿದು ಇನ್ನೊಂದು ಎರೆ ಹೊಲಕ್ಕೆ ಬಂದವು. ಬೆಳೆಯ ಬೆಲೆ ಕುಸಿದು, ಭೂಸುಧಾರಣೆಯ ಹೆಸರಿನ ಕರದ ಹೊರೆ ಏರಿ, ಬೇಸತ್ತ ರೈತರು ನರಗುಂದದಲ್ಲಿ ಬಂಡೆದ್ದದ್ದು 1980ರ ಜುಲೈ 21ರಂದು. ಕರ್ನಾಟಕದ ರೈತ ಚಳವಳಿಯ ಇತಿಹಾಸ ಆ ದಿನವನ್ನು ಹುತಾತ್ಮ ದಿನವೆಂದು ನೆನೆಯುತ್ತದೆ. ಆ ಬಂಡಾಯದ ಅರ್ಥಶಾಸ್ತ್ರ ಬಹಳ ಚರ್ಚೆಗೆ ಒಳಗಾಗಿದೆ, ಅದರ ಅಡಿಯ ಮಣ್ಣಿನ ಕಥೆ ಅಷ್ಟಾಗಿ ಆಗಿಲ್ಲ. ನೀರು ಬಸಿಯದ ಎರೆಯಲ್ಲಿ ಕಾಲುವೆಯ ನೀರು ನಿಂತರೆ ಉಪ್ಪು ಮೇಲಕ್ಕೇರುತ್ತದೆ, ಮಣ್ಣಿನ ರಂಧ್ರಗಳಿಂದ ಗಾಳಿ ಹೊರಬೀಳುತ್ತದೆ. ಗಂಟಿನೊಳಗಿನ ಬ್ಯಾಕ್ಟೀರಿಯಾಕ್ಕೂ ಬೇರಿಗೂ ಉಸಿರಾಟಕ್ಕೆ ಬೇಕಾದ ಗಾಳಿಯೇ ಇಲ್ಲವಾದಾಗ ನಂಟು ಕಡಿಯುತ್ತದೆ. ಮಳೆಯಾಶ್ರಿತ ರೋಣದಲ್ಲಿ ಆದ ಬದಲಾವಣೆ ಇದಕ್ಕಿಂತ ನಿಧಾನದ್ದು: ಕಡಲೆಗೂ ಬಿತ್ತುವಾಗಲೇ ಡಿಎಪಿ ಹಾಕುವ ರೂಢಿ ಬೇರೂರಿತು. ನೂರು ಕಿಲೋಕ್ಕೆ 18 ಕಿಲೋ ಸಾರಜನಕವನ್ನೂ 46 ಕಿಲೋ ರಂಜಕಾಂಶವನ್ನೂ ಹೊತ್ತ ಈ ಗೊಬ್ಬರದಲ್ಲಿ ಕಡಲೆಗೆ ನಿಜವಾಗಿ ಬೇಕಾದದ್ದು ರಂಜಕ. ಸಾರಜನಕ ಆರಂಭದ ಚೂರು ಆಸರೆಯನ್ನು ಮೀರಿದರೆ ಗಂಟನ್ನು ಸೋಮಾರಿಯಾಗಿಸುತ್ತದೆ. ಬಡನೆಲವೆಂಬ ಪರೀಕ್ಷಕನು ಹೊಲದಿಂದ ಹೊರಬಿದ್ದದ್ದು ಹೀಗೆ.

ಕಳೆದುಹೋದದ್ದನ್ನು ಹೊರಗಿನಿಂದ ತುಂಬುವ ಪ್ರಯತ್ನಕ್ಕೂ ಒಂದು ಇತಿಹಾಸವಿದೆ. ಜರ್ಮನಿಯಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ 1896ರಲ್ಲಿಯೇ ನೈಟ್ರಾಜಿನ್ ಎಂಬ ಹೆಸರಿನಲ್ಲಿ ರೈಜೋಬಿಯಂ ಗೊಬ್ಬರವನ್ನು ಮಾರಾಟಕ್ಕಿಟ್ಟಿದ್ದರು. ಬೇರಿನ ಸುತ್ತಲಿನ ಜೀವಂತ ಮಣ್ಣಿಗೆ ರೈಜೋಸ್ಫಿಯರ್ ಎಂಬ ಹೆಸರನ್ನು 1904ರಲ್ಲಿ ಕೊಟ್ಟವರೂ ಹಿಲ್ಟ್ನರ್ ಅವರೇ. ಭಾರತದಲ್ಲಿ ದ್ವಿದಳ ಬೆಳೆಗಳ ಈ ಬ್ಯಾಕ್ಟೀರಿಯಾದ ಅಧ್ಯಯನವನ್ನು 1920ರ ಹೊತ್ತಿಗೆ ಎನ್.ವಿ. ಜೋಶಿ ಆರಂಭಿಸಿದರು. ಇಂದು ಪೊಟ್ಟಣದಲ್ಲಿ ದೊರೆಯುವ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟುನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತುವುದನ್ನು ಬೀಜೋಪಚಾರವೆನ್ನುತ್ತಾರೆ. ಸಿಡಿ ರೋಗವನ್ನು ತಡೆಯಲು ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರವನ್ನು ಕಿಲೋ ಬೀಜಕ್ಕೆ 4 ಗ್ರಾಂ ಪ್ರಮಾಣದಲ್ಲಿ ಸೇರಿಸುವುದೂ ಉಂಟು. ಇದು ಒಳ್ಳೆಯ ಕ್ರಮವೇ ಸರಿ. ಆದರೆ ಪೊಟ್ಟಣದೊಳಗಿನ ಜೀವಿಯು ಬಿಸಿಲಿಗೆ ಸಿಕ್ಕರೆ ಸಾಯುತ್ತದೆ, ಶಿಲೀಂಧ್ರನಾಶಕದ ಜೊತೆ ಬೆರೆತರೆ ಟ್ರೈಕೋಡರ್ಮಾ ನಿಷ್ಫಲವಾಗುತ್ತದೆ, ಬದುಕಿ ಉಳಿದರೂ ಮಣ್ಣಿನಲ್ಲಿ ಮೊದಲೇ ಇರುವ ಸ್ಥಳೀಯ ಬಳಗದೊಂದಿಗೆ ಬೇರಿನ ಜಾಗಕ್ಕಾಗಿ ಸೆಣಸಬೇಕಾಗುತ್ತದೆ. ಬ್ಯಾಕ್ಟೀರಿಯಾವನ್ನು ಆರಿಸಲು ಇಷ್ಟು ಶ್ರಮ ಪಟ್ಟ ವಿಜ್ಞಾನವು ಅದನ್ನು ಸ್ವಾಗತಿಸಬೇಕಾದ ಗಿಡವನ್ನು ಆರಿಸುವುದಕ್ಕೆ ಅದರ ಸಣ್ಣ ಪಾಲನ್ನಷ್ಟೇ ವ್ಯಯಿಸಿತೆಂಬುದು ಖೇದದ ಸಂಗತಿ.

ಗಿಡದ ಕಡೆಯ ಗುಣ ಕಳೆದುಹೋಗಬಹುದೆಂಬ ಆತಂಕ ಕಲ್ಪನೆಯದಲ್ಲ. ಅಮೆರಿಕದಲ್ಲಿ ಟೋಬಿ ಕೀರ್ಸ್ ಮತ್ತು ಸಂಗಡಿಗರು 2003ರಲ್ಲಿ ಸೋಯಾ ಅವರೆಯು ದುಡಿಯದ ಗಂಟಿಗೆ ಆಸರೆಯನ್ನು ತಗ್ಗಿಸಿ ಅದನ್ನು ದಂಡಿಸುತ್ತದೆಂದು ತೋರಿಸಿದರು. 2007ರಲ್ಲಿ ಅವರ ತಂಡವು ಹಳೆಯ ಮತ್ತು ಹೊಸ ಸೋಯಾ ತಳಿಗಳನ್ನು ಹೋಲಿಸಿ, ನಿಷ್ಪ್ರಯೋಜಕ ಬ್ಯಾಕ್ಟೀರಿಯಾದ ನಡುವೆಯೂ ಫಸಲನ್ನು ಉಳಿಸಿಕೊಳ್ಳುವ ಶಕ್ತಿ ಹೊಸ ತಳಿಗಳಲ್ಲಿ ಕುಗ್ಗಿದೆಯೆಂದು ವರದಿ ಮಾಡಿತು. ಗಂಟಿಗಿಂತಲೂ ಹಳೆಯದಾದ, ಜೋಳ, ಹತ್ತಿ, ಕಡಲೆ, ಕುಸುಬಿಗಳೆಲ್ಲಕ್ಕೂ ಸಮಾನವಾದ ಇನ್ನೊಂದು ನಂಟು ಮೈಕೊರೈಜಾ, ಅಂದರೆ ಬೇರಿನೊಳಗೆ ನೆಲೆಸಿ ತನ್ನ ಎಳೆಗಳನ್ನು ದೂರ ಚಾಚಿ ರಂಜಕವನ್ನು ತಂದುಕೊಡುವ ಶಿಲೀಂಧ್ರದ್ದು. 1885ರಲ್ಲಿ ಫ್ರಾಂಕ್ ಹೆಸರಿಸಿದ ಈ ಸಂಬಂಧವನ್ನು ಕರ್ನಾಟಕದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್ ದಶಕಗಳ ಕಾಲ ಅಧ್ಯಯನ ಮಾಡಿದರು. ರಂಜಕವನ್ನು ಸುಣ್ಣದೊಂದಿಗೆ ಬಿಗಿದಿಟ್ಟುಕೊಳ್ಳುವ ಎರೆ ಭೂಮಿಗೆ ಆ ನೆರವು ಇನ್ನೂ ಹೆಚ್ಚು ಬೇಕಾದದ್ದು.

ಆದ್ದರಿಂದ ಅಣ್ಣಿಗೇರಿ, ಧಾರವಾಡ, ಕಲಬುರಗಿಗಳ ಸಂಶೋಧನಾ ಕೇಂದ್ರಗಳಿಂದ ಮುಂದೆ ಬರುವ ಪ್ರತಿಯೊಂದು ಕಡಲೆ ತಳಿಯನ್ನೂ ರೋಣ ಮತ್ತು ನರಗುಂದದ ಗೊಬ್ಬರ ಹಾಕದ ಎರೆ ಹೊಲವೊಂದರಲ್ಲಿ ಕನಿಷ್ಠ ಒಂದು ಹಿಂಗಾರಿ ಬೆಳೆಸಿ, ಹೂವಾಡುವ ಹೊತ್ತಿಗೆ ಬೇರನ್ನು ಎಬ್ಬಿಸಿ ಗಂಟುಗಳನ್ನು ಎಣಿಸಿ, ಆ ಸಂಖ್ಯೆಯನ್ನು ಇಳುವರಿಯ ಪಕ್ಕದಲ್ಲಿಯೇ ಬರೆದು ರೈತರಿಗೆ ಕೊಡಬೇಕು. ಗಜೇಂದ್ರಗಡದ ಗುಡ್ಡದ ಅಂಚಿನ ಊರುಗಳಲ್ಲಿ ಜವಾರಿ ಕಡಲೆಯ ಬೀಜವನ್ನು ಇನ್ನೂ ಮನೆಯಲ್ಲಿ ಕಾದಿಟ್ಟವರಿದ್ದರೆ, ಆ ಬೀಜದೊಂದಿಗೆ ಅದು ಬೆಳೆದ ಹೊಲದ ಒಂದು ಹಿಡಿ ಮಣ್ಣನ್ನೂ ಸಂಗ್ರಹಿಸಿ ಪರೀಕ್ಷಿಸುವ ಕೆಲಸ ಆ ಹೊಲ ಇನ್ನೊಂದು ಬೆಳೆಗೆ ತಿರುಗುವ ಮೊದಲೇ ಆಗಬೇಕು.